ಮಗನ ಎಡಗೈ

ಹುಬ್ಬಳ್ಳಿಯ ಮೈದಾನದಲ್ಲಿ ಆ ಸಂಜೆ ನಾಲ್ಕು ಹಳೆಯ ರಾಕ್ ತಂಡಗಳ ನಾಲ್ವರು ಮುದುಕರು ಒಂದಾಗಿ ನುಡಿಸಿದರು. ಬೆರಳು ಸೆಟೆದ ವಾದಕರೆಲ್ಲರಂತೆ ಅವರೂ ಸತ್ತವರ ಕೈಗಳನ್ನು ತಮ್ಮ ತೋಳಿಗೆ ಜೋಡಿಸಿಕೊಂಡಿದ್ದರು. ಗಿಟಾರಿನ ಆಲ್ವಿನ್‌ಗಿದ್ದದ್ದು ನನ್ನ ಮಗ ಗುರುಸಿದ್ಧನ ಎಡಗೈ. ಸಾಯುವ ಮುಂಚೆ ಮಗನೇ ಅದನ್ನು ಐದು ವರ್ಷಕ್ಕೆಂದು ಬರೆದುಕೊಟ್ಟಿದ್ದ. ಗಡುವು ಅಂದಿಗೆ ಮುಗಿದಿತ್ತು.

ನಮ್ಮಲ್ಲಿ ಸತ್ತವರ ಎಡಗೈಯಲ್ಲಿ ಅವರ ಇಷ್ಟಲಿಂಗವನ್ನಿಟ್ಟು ಮಣ್ಣು ಮಾಡುತ್ತೇವೆ. ಮಗನ ಲಿಂಗಕ್ಕೆ ಅಂಗೈ ಇರಲಿಲ್ಲ. ಕರಡಿಗೆಯಲ್ಲಿಟ್ಟು ಕಾದಿದ್ದೆ.

ಹಾಡು ಮುಗಿದ ಮೇಲೆ ವೇದಿಕೆಯ ಹಿಂದೆ ಹೋದೆ. ಆಲ್ವಿನ್ ಕೈಯನ್ನು ಬೆನ್ನ ಹಿಂದೆ ಮರೆಮಾಡಿದ.

"ಇನ್ನೊಂದ್ ವರ್ಷ ಬಿಡ್ರಿ, ಯಜಮಾನ್ರ. ಇದಿಲ್ದಿದ್ರ ನಾ ಬರೇ ಮುದುಕ."

"ನಾನೇನು ಹುಡುಗ ಅದೀನೇನು? ಆ ಕೈ ಒಮ್ಮೆ ನನ್ನ ಮಗನ ಲಿಂಗ ಹಿಡೀಲಿ. ಆಮ್ಯಾಲ ಮಾತಾಡೂಣು."

ಹಿಂಜರಿಯುತ್ತ ಕೈ ಚಾಚಿದ. ಅಂಗೈಯಲ್ಲಿ ಲಿಂಗವನ್ನಿಟ್ಟೆ. ಕೈ ತಾನಾಗಿ ಕಣ್ಣಿನ ಮಟ್ಟಕ್ಕೆ ಏರಿ ನಿಂತಿತು, ಮಗ ಪೂಜೆಗೆ ಕೂತಾಗ ನಿಲ್ಲುತ್ತಿದ್ದಂತೆ. ಆಲ್ವಿನ್ ಬಲಗೈಯಿಂದ ಎಳೆದು ನೋಡಿದ, ಇಳಿಯಲಿಲ್ಲ.

ಹೊರಗೆ ಜನ ಇನ್ನೊಂದು ಹಾಡಿಗಾಗಿ ಕೂಗುತ್ತಿದ್ದರು.

"ಡಾಕ್ಟರನ್ನ ಕರೀರಿ," ಎಂದು ಆಲ್ವಿನ್ ಕುರ್ಚಿಯಲ್ಲಿ ಕುಸಿದ.

ಡಾಕ್ಟರು ಬಂದು ಅವನ ತೋಳಿನಿಂದ ಕೈ ಬಿಡಿಸುವವರೆಗೂ ಅದರ ಕೆಳಗೆ ನನ್ನ ಅಂಗೈ ಚಾಚಿ ನಿಂತಿದ್ದೆ, ಲಿಂಗ ನೆಲಕ್ಕೆ ಬೀಳಬಾರದೆಂದು.