ಕಂಬಳಿಯ ಇನ್ನೊಂದು ತುದಿ

ಆಯುಧಪೂಜೆಯ ದಿನ ಉಸ್ತಾದ್ ಬೆನಕಪ್ಪನವರು ಏಳು ಎಣಿಸುವಷ್ಟರಲ್ಲಿ ಅಚ್ಚು ಕಲ್ಲೇಶಪ್ಪನ ಬೆರಳಿನಿಂದ ಜಾರಿ ಧೊಪ್ಪೆಂದು ಮಣ್ಣಿಗೆ ಬಿತ್ತು. ಸುತ್ತ ನಿಂತವರು ಲೊಚಗುಟ್ಟಿದರು. ಹೊನ್ನಾಳಿಯ ಆ ಗರಡಿಯಲ್ಲಿ ವರ್ಷಕ್ಕೆ ಎರಡೇ ಸಲ, ಆಯುಧಪೂಜೆಗೆ ಮತ್ತು ಯುಗಾದಿಗೆ, ಆ ಭಾರ ಎತ್ತಲು ಬಿಡುತ್ತಿದ್ದರು. ಎತ್ತಿನ ಗಾಡಿಯ ದಪ್ಪ ಕಬ್ಬಿಣದ ಅಚ್ಚು, ಅದರ ಎರಡೂ ತುದಿಗೆ ಸಿಕ್ಕಿಸಿದ ಬೀಸುವ ಕಲ್ಲುಗಳು. ನೆಲದಿಂದ ತೊಡೆಯ ಮಟ್ಟಕ್ಕೆ ಎತ್ತಿ, ಹತ್ತು ಎಣಿಸುವವರೆಗೆ ಹಿಡಿದು ನಿಂತವನಿಗೆ ಬೆಳ್ಳಿಯ ಕಡಗ. ಕಡಗ ತೊಟ್ಟವನು ತೀರಿಕೊಂಡರೆ ಅದು ಗರಡಿಗೇ ವಾಪಸ್ಸು ಬರಬೇಕು. ಕೊನೆಯ ಸಲ ಅದನ್ನು ತೊಟ್ಟಿದ್ದವನು ಕಲ್ಲೇಶಪ್ಪನ ಅಪ್ಪ. ಮೂರು ವರ್ಷದಿಂದ ಅದು ಹನುಮಂತನ ಪಟದ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು, ಮಗ ಅದರ ಕೆಳಗೇ ದಿನಾ ಬಸ್ಕಿ ಹೊಡೆಯುತ್ತಿದ್ದ.

"ಸೊಂಟ ಐತೆ, ತೊಡೆ ಐತೆ. ನಿನಗೆ ಬೆರಳೇ ಇಲ್ಲಲ್ಲೋ," ಎಂದರು ಉಸ್ತಾದರು.

ಮನೆಗೆ ಬಂದವನು ಮುಖ ಊದಿಸಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತ. ಹೆಂಡತಿ ಕೊಟ್ರಮ್ಮ ಕಂಬಳಿ ಒಗೆಯುತ್ತಿದ್ದಳು. ಜಗಳೂರು ಕಡೆಯ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡನ ತೋಳಿಗೆಂದು ಸೇರುಗಟ್ಟಲೆ ತುಪ್ಪ ಬಡಿಸಿದವಳು ಅವಳೇ. ಏನೂ ಕೇಳದೆ ನೆನೆದ ಕಂಬಳಿಯ ಒಂದು ತುದಿಯನ್ನು ಅವನ ಕೈಗಿಟ್ಟಳು.

"ಬಿಗಿಯಾಗಿ ಹಿಡೀರಿ. ನಾನು ಈ ಕಡೆ ತಿರುವ್ತೀನಿ, ನೀವು ಆ ಕಡೆ ತಿರುವ್ರಿ."

ಎರಡು ಸುತ್ತು ಹಾಕುವುದರೊಳಗೆ ಕಂಬಳಿ ಅವನ ಕೈಯಿಂದ ಕಿತ್ತುಕೊಂಡು ಹೋಗಿ ಕೆಸರಿಗೆ ಬಿತ್ತು. ಪೈಲ್ವಾನ ಪೆಚ್ಚಾದ. ಕೊಟ್ರಮ್ಮ ಬಿದ್ದು ಬಿದ್ದು ನಕ್ಕಳು.

"ನಮ್ಮೂರ ಬಾವಿ ಹದಿನೈದು ಮಾರು ಆಳ, ರಾಟೆ ಇಲ್ಲ. ಹಗ್ಗ ಜಾರಿದ್ರೆ ಅವತ್ತು ನೀರಿಲ್ಲ. ಅಂಗೈನಾಗೆ ಹಿಡಿಯಾಕೆ ಹೋಗಬ್ಯಾಡ್ರಿ. ಕಿರುಬೆರಳು ಮೊದಲು ಕೂರಬೇಕು, ಮಿಕ್ಕ ಬೆರಳು ತಾವೇ ಬರ್ತಾವೆ."

ಅಂದಿನಿಂದ ದಿನಾ ಸಂಜೆ ಇದೇ ಕೆಲಸ. ಹಿತ್ತಲ ಬಾಗಿಲು ಹಾಕಿ, ಆ ಒಂದೇ ಕಂಬಳಿಯನ್ನು ನೆನೆಸುವುದು, ಹಿಂಡುವುದು, ಮತ್ತೆ ನೆನೆಸುವುದು. ಬಾಗಿಲು ಹಾಕಲೇಬೇಕಿತ್ತು, ಗರಡಿಯ ಗಂಡಸು ಹೆಂಡತಿಯ ಜತೆ ಬಟ್ಟೆ ಹಿಂಡುತ್ತಾನೆಂದು ಗೊತ್ತಾದರೆ ಹೊನ್ನಾಳಿಯಲ್ಲಿ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ. "ಮಳೆ ಇಲ್ಲ ಏನಿಲ್ಲ, ನಿಮ್ಮ ಕಂಬಳಿ ಒಣಗಿದ್ದೇ ನೋಡ್ಲಿಲ್ವಲ್ಲೇ," ಎಂದು ಪಕ್ಕದ ಮನೆಯ ಗಾದ್ರಮ್ಮ ಗೋಡೆಯಾಚೆಯಿಂದ ಕೇಳಿದಾಗ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದರು. ಪುಷ್ಯ ಮಾಸದ ಹೊತ್ತಿಗೆ ಕಂಬಳಿ ಇಬ್ಬರ ನಡುವೆ ಕದಲದೆ ನಿಲ್ಲತೊಡಗಿತು. ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಅದು ಕೊಟ್ರಮ್ಮನ ಕೈಯಿಂದ ಜಾರಿತು. ಸೋತಿದ್ದಕ್ಕೆ ಇಷ್ಟು ಖುಷಿಪಟ್ಟ ಹೆಣ್ಣನ್ನು ಕಲ್ಲೇಶಪ್ಪ ನೋಡಿರಲಿಲ್ಲ. ಅವತ್ತು ಅವಳ ಮೇಲೆ ಉಕ್ಕಿದ ಪ್ರೀತಿಯನ್ನು ಹೇಗೆ ಹೇಳುವುದೆಂದು ತಿಳಿಯದೆ, ಇನ್ನೊಂದು ಕೊಡ ನೀರು ಸೇದಿಕೊಟ್ಟ.

ಎಪ್ಪತ್ತಾರರ ಯುಗಾದಿ. ಗರಡಿಯ ಹೊಸ್ತಿಲನ್ನು ಹೆಂಗಸರು ದಾಟುವಂತಿರಲಿಲ್ಲ, ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದರು. ಕಲ್ಲೇಶಪ್ಪ ಕಿರುಬೆರಳು ಮೊದಲು ಊರಿ ಅಚ್ಚು ಹಿಡಿದ. ಎತ್ತಿದ. ಏಳು ದಾಟಿತು, ಎಂಟು ದಾಟಿತು. ಹತ್ತು ಎಂದ ಮೇಲೂ ಅವನು ಇಳಿಸಲಿಲ್ಲ. "ಸಾಕು ಬಿಡೋ ಮಾರಾಯ, ನನಗೆ ಇಷ್ಟೇ ಎಣಿಸಾಕೆ ಬರೋದು," ಎಂದು ಉಸ್ತಾದರೇ ಕೂಗಬೇಕಾಯಿತು.

ಮೊಳೆಯಿಂದ ಕಡಗ ಇಳಿಯಿತು. ಗೆದ್ದವನು ಅದನ್ನು ತಾನೇ ತೊಡುವ ಹಾಗಿಲ್ಲ. ಜತೆಗೆ ಸಾಮು ಮಾಡಿದ ಜೋಡಿ ತೊಡಿಸಬೇಕು, ಜೋಡಿ ಇಲ್ಲದಿದ್ದರೆ ಕಡಗ ಮತ್ತೆ ಮೊಳೆಗೆ. ಉಸ್ತಾದರು ಅವನ ಹಳೆಯ ಜೋಡಿ ಚಿಕ್ಕಹನುಮಂತಪ್ಪನನ್ನು ಕರೆದರು. ಅವನು ಕುತ್ತಿಗೆ ಕೆರೆದುಕೊಂಡ.

"ಹನುಮಪ್ಪನ ಪಟದ ಮುಂದೆ ಸುಳ್ಳು ಹೇಳಾಕೆ ಬರಲ್ಲ ಉಸ್ತಾದ್ರೇ. ಆಯುಧಪೂಜೆ ಆದ ಮ್ಯಾಲೆ ಇವನು ನನ್ ಜತೆ ಸಾಮು ಮಾಡಿದ್ದೇ ಇಲ್ಲ. ಸಂಜೆ ಆದ್ರೆ ಸಾಕು, ಮನೆಗೆ ಓಡ್ತಾನೆ."

"ಮತ್ತೆ ಯಾರೋ ನಿನ್ನ ಜೋಡಿ?"

ಕಲ್ಲೇಶಪ್ಪ ಅಪ್ಪನ ಕಡಗ ನೋಡಿದ. ಕಿಟಕಿ ನೋಡಿದ. ಕೊಟ್ರಮ್ಮ ಬೇಡ ಬೇಡವೆಂದು ತಲೆ ಆಡಿಸುತ್ತಿದ್ದಳು.

"ನಮ್ಮನೆಯಾಕೆ, ಉಸ್ತಾದ್ರೇ. ದಿನಾ ಕಂಬಳಿ ಹಿಂಡಿಸಿದ್ಲು. ಇನ್ನೊಂದು ತುದಿ ಆಕೆ ಹಿಡಿದಿದ್ಲು."

ಯಾರೋ ಕಿಸಕ್ಕೆಂದ. ಉಸ್ತಾದರು ತಿರುಗಿ ನೋಡಿದ ಮೇಲೆ ಆ ಸದ್ದು ಅಲ್ಲಿಗೇ ನಿಂತಿತು. ಅವರು ಹೊಸ್ತಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಕಿಟಕಿಗೆ ಹೋಗಿ, ಸರಳುಗಳ ನಡುವೆ ಕೈ ತೂರಿಸಿ, ಕಡಗವನ್ನು ಆಚೆ ಹಿಡಿದರು.

"ಹೊಸ್ತಿಲು ದಾಟಬಾರದು ಅಂತ ಹಿರಿಯರು ಹೇಳ್ಯಾರೆ. ಕಿಟಕಿ ಮಾತು ಯಾರೂ ಎತ್ತಿಲ್ಲ. ತಗಳ್ರಿ ತಾಯಿ, ನಿಮ್ಮ ಜೋಡಿಗೆ ಹಾಕ್ರಿ."

ಕಲ್ಲೇಶಪ್ಪ ಸರಳಿನಾಚೆ ಬಲಗೈ ಚಾಚಿದ. ಒಳಗಿದ್ದವರಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಕಡಗ ಗೆಣ್ಣು ದಾಟಲಿಲ್ಲ. ಕೊಟ್ರಮ್ಮ ಎರಡು ಸಲ ಒತ್ತಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದ್ದು ಗರಡಿಗೆಲ್ಲ ಕೇಳಿಸಿತು:

"ಮುಷ್ಟಿ ಬಿಡ್ರಿ. ಹಿಂಗೆ ಬಿಗಿ ಹಿಡಕಂಡ್ರೆ ನಾನು ಹಾಕೋದು ಹೆಂಗೆ?"