ಎಂಟು ಹೆಜ್ಜೆ

ನಗಾರಿ ಒಮ್ಮೆ ಬಡಿದರೆ ಊರಿನವರಿಗೆ ಎಂಟೇ ಹೆಜ್ಜೆ, ಊರಬಾಗಿಲ ಅಗಸೆ ಕಾಯುವ ಶತ್ರು ಸಿಪಾಯಿಗೆ ಒಂದೇ ಏಟು. ಮತ್ತೆ ಬಡಿಯುವ ತನಕ ಯಾರ ಕೈಕಾಲೂ ಏಳುತ್ತಿರಲಿಲ್ಲ. ಅದಕ್ಕೇ ಅಗಸೆ ದಾಟುವಾಗ ಮನೆಯ ಹಿರಿಯರು ಮುಂದೆ ಹೋಗಿ ಆ ಏಟು ತಿಂದು ಹಿಂದಿನವರನ್ನು ದಾಟಿಸುವುದು ರೂಢಿ.

ಜ್ವರದ ಕೂಸನ್ನು ಎತ್ತಿಕೊಂಡಿದ್ದ ಸೊಸೆ ಕಸ್ತೂರಿಗೆ ಶಿವಗಂಗವ್ವ ಹೇಳಿದಳು: "ನನ್ನ ನೋಡಬ್ಯಾಡ, ಕಣ್ಣ ಮುಚ್ಕೊಂಡ ನಿಂದ್ರು. ನಾ ಚೀರಿದ ಕೂಡ್ಲೇ ಓಡಿ ಬಾ."

"ಹೂಂನ್ರಿ ಅತ್ತಿ."

ನಗಾರಿ ಬಡಿಯಿತು. ಹೊಸ ಸಿಪಾಯಿ ಕತ್ತಿ ಎತ್ತಿದ, ಬೀಸಲಿಲ್ಲ. ಎಂಟನೇ ಹೆಜ್ಜೆಗೆ ಶಿವಗಂಗವ್ವನ ಕಾಲುಗಳು ನೆಟ್ಟು ನಿಂತವು. ಕತ್ತು ತಿರುಗಿಸಿ ನೋಡಿದಳು. ಅವನ ಕಣ್ಣು ಕೂಸಿನ ಮೇಲಿತ್ತು.

ಬರಬೇಡ ಎನ್ನಲು ಬಾಯಿ ತೆರೆದಳು. ಮಾತು ಹೊರಡಲಿಲ್ಲ, ಬರೀ ಚೀರು ಹೊರಟಿತು.

ಕಸ್ತೂರಿ ಕೂಸನ್ನು ಅವಚಿಕೊಂಡು ಓಡಿದಳು.