ಐವತ್ತು ಜನ

ಹೊಸ ತಂತ್ರಾಂಶಕ್ಕೆ ಬದಲಾಯಿಸಿ ವಾರವಾಗಿದ್ದ ಬ್ಲಾಗಿನಲ್ಲಿ 'ಓದುಗರು' ಎಂಬುದರ ಮುಂದೆ ಸೊನ್ನೆ ಇತ್ತು. ಅವಳು ಮತ್ತೆ ಮತ್ತೆ ತೆರೆದು ನೋಡಿದಳು. ಸೊನ್ನೆ ಅಲ್ಲಾಡಲಿಲ್ಲ.

"ಹಳೇದು ನೀನು ತೆರೆದಾಗೆಲ್ಲ ನಿನ್ನನ್ನೇ ಎಣಿಸ್ತಿತ್ತು ಕಣೇ," ಎಂದ ಅಣ್ಣ, ಹಿಂದಿನಿಂದ ಬಗ್ಗಿ. "ದಿನಕ್ಕೆ ಐವತ್ತು ಸಲ ಇಣುಕಿದ್ರೆ ಐವತ್ತು ಜನ. ಇದು ನಿನ್ನನ್ನ ಬಿಟ್ಟು ಎಣಿಸುತ್ತೆ."

ಪಕ್ಕದ ಮಂಚದಲ್ಲಿ ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಫುಟ್‌ಬಾಲ್ ರೆಫರಿಯಾಗಿದ್ದವರು, ಸೊಂಟ ಮುರಿದ ಮೇಲೆ ಹಾಸಿಗೆ ಹಿಡಿದಿದ್ದರು. ಟೀವಿಯಲ್ಲಿ ಪಂದ್ಯ ನೋಡುತ್ತಾ ಅವರು ಹೇಳಿದ್ದನ್ನೆಲ್ಲ ಅವಳು ಬ್ಲಾಗಿಗೆ ಬರೆಯುತ್ತಿದ್ದಳು. ಐವತ್ತು ಜನ ಕಾಯುತ್ತಿದ್ದಾರೆಂದು ಪಂದ್ಯದ ದಿನ ಮಾತ್ರ ತಾವಾಗಿ ಎದ್ದು ಕೂರುತ್ತಿದ್ದರು, ಗಡ್ಡ ಬೋಳಿಸಿಕೊಳ್ಳುತ್ತಿದ್ದರು, ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದರು.

ಅವರ ಬೆರಳು ಮೂರನೇ ಗುಂಡಿಯ ಮೇಲೆ ನಿಂತಿತು. "ನಮ್ಮ ಐವತ್ತು ಜನ ಅಂದ್ರೆ ನೀನೊಬ್ಬಳೇನಾ ಮಗಾ?"

"ಇನ್ನೂ ಹೊಸದಲ್ವಾ ಅಪ್ಪ, ನಿಧಾನಕ್ಕೆ ಬರ್ತಾರೆ," ಎಂದು ಅಣ್ಣ ತಡವರಿಸಿದ.

ಟೀವಿಯಲ್ಲಿ ಆಟ ಶುರುವಾದ ಸೀಟಿ ಕೇಳಿಸಿತು. ಅಪ್ಪ ಗೋಡೆಯ ಕಡೆ ಹೊರಳಿ ಮಲಗಿದರು.

"ಯಾರು ಗೆದ್ರು ಅಂತ ಆಮೇಲೆ ನನಗೆ ಹೇಳೋದೂ ಬೇಡ," ಎಂದರು.